ಮುಕ್ಕಾಲು ಜಡೆ

ಥೆರಪಿಸ್ಟ್ ನಾಲ್ಕು ತಿಂಗಳಲ್ಲಿ ಮಾಡಲಾಗದ್ದನ್ನು ಒಂದೇ ಭಾನುವಾರದಲ್ಲಿ ಮಾಡಿ ತೋರಿಸುತ್ತೇನೆಂದು ಶಪಥ ಮಾಡಿದೆ. ಹೆಂಡತಿಯ ಕೈ ಮೇಲೇಳಬೇಕು, ಅವಳ ಜಡೆ ಅವಳೇ ಹಾಕಿಕೊಳ್ಳಬೇಕು.

ಸಕ್ಕರೆ ಕಾಯಿಲೆಯ ಬೆನ್ನಿಗೇ ಅವಳ ಬಲ ಭುಜ ಹಿಡಿದುಕೊಂಡಿತ್ತು. ಕೈ ಕಿವಿಯಿಂದ ಮೇಲೆ ಹೋಗದು. ಶಾಲೆಯಲ್ಲಿ ಬೋರ್ಡಿನ ಕೆಳಗಿನ ಅರ್ಧದಲ್ಲೇ ಲೆಕ್ಕ ಕಲಿಸುತ್ತಿದ್ದಳು. ಮನೆಯಲ್ಲಿ ಜಡೆಯ ಖಾತೆ ನನಗೆ ಬಂತು. ಮೂರು ಕಾಲಿನ ಜಡೆ ನನ್ನ ಕೈಯಲ್ಲಿ ಮುಕ್ಕಾಲೇ ಆಗುತ್ತಿತ್ತು.

ಥೆರಪಿಸ್ಟ್ ಹೇಳಿದ್ದು ಇಷ್ಟೇ: “ದಿನಾ ಅರ್ಧ ಗಂಟೆ ನಡೀರಿ, ಸಕ್ಕರೆ ಹತೋಟಿಗೆ ಬರುತ್ತೆ. ಭುಜಕ್ಕೆ, ಗೋಡೆ ಮೇಲೆ ಬೆರಳು ಮೆಲ್ಲಗೆ ಮೇಲಕ್ಕೆ ಹತ್ತಿಸಿ. ನೋವಾದಲ್ಲಿ ನಿಲ್ಲಿಸಿ. ಆತುರ ಬೇಡ.”

ಇಷ್ಟು ದೊಡ್ಡ ಕಾಯಿಲೆಗೆ ಬರೀ ಗೋಡೆಯೇ? ನನಗೆ ಸಮಾಧಾನವಾಗಲಿಲ್ಲ. ಕೋಣೆಯ ಬಾಗಿಲ ಮೇಲೆ ಕೊಕ್ಕೆ ಹೊಡೆದು, ರಾಟೆ ಕಟ್ಟಿ, ಹಗ್ಗ ಇಳಿಬಿಟ್ಟೆ.

“ಏನ್ರೀ ಇದು, ಮನೆಯೊಳಗೇ ಬಾವಿ ತೋಡಿದ್ರಾ?”

“ಎಡಗೈಲಿ ಎಳಿ, ಬಲಗೈ ತಾನೇ ಏಳುತ್ತೆ. ವಿಜ್ಞಾನ ಕಣೇ.”

“ಮೊದಲು ವಿಜ್ಞಾನಿ ಎಳೀಲಿ.”

ಎಳೆದೆ. ಕೊಕ್ಕೆ ಬಂತು. ಕೊಕ್ಕೆಯ ಹಿಂದೆ ಗಾರೆ ಬಂತು, ಗಾರೆಯ ಹಿಂದೆ ಪರದೆಯ ಸರಳು ಸಪರಿವಾರ ಬಂತು. ಇಷ್ಟೂ ಬಂದಿಳಿದದ್ದು ನನ್ನ ಬಲ ಭುಜದ ಮೇಲೆ. ಹೆಂಡತಿ ಪರದೆಯೊಳಗಿಂದ ನನ್ನನ್ನು ಬಿಡಿಸಿ, ಮೂಳೆ ಮುಟ್ಟಿ ನೋಡಿ, ಏನೂ ಮುರಿದಿಲ್ಲವೆಂದು ಖಾತ್ರಿಯಾದ ಮೇಲೆ ಗೋಡೆಗೊರಗಿ ನಕ್ಕಳು.

ಸೋಮವಾರ ಬೆಳಗ್ಗೆ ಬಾಚಣಿಗೆ ಹಿಡಿದು ಅವಳ ಹಿಂದೆ ನಿಂತೆ. ಎದೆಯ ಮಟ್ಟಕ್ಕೇ ನನ್ನ ಕೈ, ಕೈಕೊಟ್ಟಿತು.

“ಈಗ ಶಾಲೆಗೆ ಹೇಗೆ ಹೋಗ್ತೀಯೇ?” ಎಂದೆ.

ಅವಳು ಬಾಚಣಿಗೆ ಇಸಿದುಕೊಂಡಳು. ಎರಡೂ ಕೈ ತಲೆಯ ಹಿಂದಕ್ಕೆ ಹೋದವು. ತೆರೆದ ಬಾಯಿ ನಾನು ಮುಚ್ಚುವಷ್ಟರಲ್ಲಿ ಜಡೆ ಮುಗಿದಿತ್ತು. ಮೂರು ಕಾಲೂ ಸಮ.

“ಯಾವಾಗಿಂದ?”

“ಹದಿನೈದು ದಿನ ಆಯ್ತು. ಬಿಡುವಾದಾಗೆಲ್ಲ ಸ್ಟಾಫ್ ರೂಮಿನ ಗೋಡೆಗೆ ಬೆರಳು ಹತ್ತಿಸ್ತಿದ್ದೆ. ಈಗ ಬೋರ್ಡಿನ ಮೇಲ್ತುದೀಲೂ ಬರೀತೀನಿ. ನೀವು ಹಾಕಿದ ಜಡೆ ಅಲ್ಲೇ ಬಿಚ್ಚಿ, ನಾನೇ ಹಾಕ್ಕೊಳ್ತಿದ್ದೆ.”

“ಮತ್ತೆ ದಿನಾ ನನ್ನ ಕೈಲಿ ಯಾಕೆ ಹಾಕಿಸ್ಕೊಳ್ತಿದ್ದೆ?”

ಅವಳು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ನಿಧಾನವಾಗಿ ಬಿಡಿಸಿದಳು.

“ಮದುವೆಗೆ ಮೊದಲು ಒಂದು ವರ್ಷ ನನ್ನ ಹಿಂದೆ ಬಿದ್ದಿದ್ರಿ. ಆಮೇಲೆ ಹತ್ತು ನಿಮಿಷ ನನ್ನ ಹಿಂದೆ ನಿಂತದ್ದು ಈ ಜಡೆಗೇ ಕಣ್ರೀ.”