ಪಠ್ಯಕ್ರಮದ ಕುರಿ ಕಾಣೆಯಾದ ಬಗ್ಗೆ ಸಮಿತಿಗೊಂದು ಅರಿಕೆ

ರಾಜಧಾನಿ ಬಿಷ್ಕೆಕ್‌ನಲ್ಲಿ ಕುಳಿತು ಬೆಟ್ಟದಾಚೆಯ ನಮ್ಮ ಪಾಠಪ್ರವಚನಗಳ ಚಿಂತೆಯಲ್ಲಿ ನಿದ್ದೆಗೆಟ್ಟಿರುವ, ಪಠ್ಯಕ್ರಮ ಪರಿಶೀಲನಾ ಸಮಿತಿಯ ಅಧ್ಯಕ್ಷರಾದ ಶ್ರೀಮಾನ್ ಎಸೆನ್‌ಕುಲ್ ಶರ್ಶೆನೊವಿಚ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೇ, ತಮ್ಮ ಮನೆಯವರು ಕ್ಷೇಮವೇ, ತಮ್ಮ ಕುದುರೆ ಕುರಿಗಳು ಕ್ಷೇಮವೇ ಎಂದು ವಿಚಾರಿಸದೆ ನೇರವಾಗಿ ವಿಷಯಕ್ಕೆ ಬರುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ವಾಸಿಸುವ ತಮ್ಮ ಬಳಿ ಕುದುರೆಯಾಗಲಿ ಕುರಿಯಾಗಲಿ ಇರಲಾರದು ಎಂಬುದನ್ನು ಬಲ್ಲೆನಾದರೂ, ಈ ಪತ್ರವೆಲ್ಲ ಒಂದು ಕುರಿಯ ಕುರಿತೇ ಇರುವುದರಿಂದ ಕೇಳಿಬಿಟ್ಟಿದ್ದೇನೆ. ತಮ್ಮ ಜೀರ್ಣಶಕ್ತಿಯನ್ನು ಮಾತ್ರ ವಿಚಾರಿಸುವುದಿಲ್ಲ. ಅದು ಎಷ್ಟು ಸೊಗಸಾಗಿದೆ ಎಂಬುದನ್ನು ಕಳೆದ ಮಾರ್ಚಿನ ಆ ಬುಧವಾರ ತಮ್ಮೆದುರು ಕುಳಿತು ನೋಡಿದ್ದೇನೆ.

ನಾನು ಕಾಲಿಪಾ ಸಗಿನ್‌ಬಾಯೆವಾ. ತಮ್ಮ ವರದಿಯಲ್ಲಿ ‘ಸಂಬಂಧಪಟ್ಟ ಬೋಧಕಿ’ ಎಂದು ಬರುವವಳು ನಾನೇ. ಪಶುವೈದ್ಯ ವಿಭಾಗದ ಕೊನೆಯ ವರ್ಷದವರಿಗೆ ಹುಲ್ಲುಗಾವಲಿನ ಕುರಿಗಳ ರೋಗಗಳನ್ನು ಕಲಿಸುತ್ತೇನೆ. ನಮ್ಮ ಡೀನ್ ತೊಲೊಮುಶ್ ಅವರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರೂ ನನ್ನನ್ನು ‘ಎಜೆ’ ಎನ್ನುತ್ತಾರೆ. ಆ ಮಾತಿನಲ್ಲಿ ಅಕ್ಕ ಎನ್ನುವ ಸಲುಗೆಯೂ ಟೀಚರ್ ಎನ್ನುವ ಅಂಜಿಕೆಯೂ ಸೇರಿವೆ, ನನ್ನ ಪಾಲಿಗೆ ಸಲುಗೆಯೇ ಹೆಚ್ಚಾಗಿ ಬಂದಿದೆ ಎನ್ನುವುದು ಮುಂದೆ ತಮಗೇ ಗೊತ್ತಾಗುತ್ತದೆ. ನನ್ನ ಪಠ್ಯಕ್ರಮ ಬಹಳ ವರ್ಷ ಒಂದೇ ಹಾಳೆಯಲ್ಲಿತ್ತು. ಜೂನ್ ಬಂದರೆ ಈ ಹುಡುಗ ಹುಡುಗಿಯರು ಮಂದೆಯ ಜೊತೆ ಜೈಲೂಗೆ, ಎತ್ತರದ ಬೇಸಿಗೆ ಹುಲ್ಲುಗಾವಲಿಗೆ, ಹೊರಡುತ್ತಾರೆ. ಅಲ್ಲಿ ಫೋನು ಸಿಗುವುದಿಲ್ಲ, ಔಷಧಿ ಅಂಗಡಿ ಇಲ್ಲ, ಒಂದು ಕುರಿ ಮೇವು ಬಿಟ್ಟು ತಲೆ ತಗ್ಗಿಸಿ ನಿಂತರೆ ಆ ಹೊತ್ತಿಗೆ ಇವರ ಕೈಗೆ ಏನು ಗೊತ್ತಿರಬೇಕೋ ಅದಷ್ಟೇ ಆ ಹಾಳೆಯಲ್ಲಿತ್ತು.

ಅದು ಪಠ್ಯಕ್ರಮವೇ ಅಲ್ಲ ಎಂದು ಕಳೆದ ಶರತ್ಕಾಲದ ತರಬೇತಿ ಶಿಬಿರದಲ್ಲಿ ತಾವು ನನ್ನ ಕಣ್ಣು ತೆರೆಸಿದಿರಿ. ಪರಿಣಾಮಕಾರಿ ಪಠ್ಯಕ್ರಮವನ್ನು ಕೊನೆಯಿಂದ ಹಿಂದಕ್ಕೆ ಬರೆಯಬೇಕು, ವಿದ್ಯಾರ್ಥಿ ಕಡೆಗೆ ಏನು ಮಾಡಬಲ್ಲವನಾಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿ, ಅದನ್ನು ಅಳೆಯುವುದು ಹೇಗೆಂದು ಆಮೇಲೆ ಯೋಚಿಸಿ, ಪಾಠವನ್ನು ಎಲ್ಲಕ್ಕಿಂತ ಕೊನೆಗೆ ಹೊಂದಿಸಬೇಕು ಎಂದಿರಿ. ‘ತಿಳಿಯುತ್ತಾನೆ’ ಎಂಬ ಪದವನ್ನು ಯಾರೂ ಬಳಸಕೂಡದು, ಒಬ್ಬ ತಿಳಿದದ್ದನ್ನು ಇನ್ನೊಬ್ಬ ಕಂಡದ್ದುಂಟೇ, ‘ಗುರುತಿಸುತ್ತಾನೆ’, ‘ಮಾಡಿ ತೋರಿಸುತ್ತಾನೆ’ ಎಂದು ಬರೆಯಿರಿ ಎಂದು ತಾವು ಹೇಳಿದಾಗ ಸಭೆಯೆಲ್ಲ ತಲೆದೂಗಿತು. ನಾನೂ ತಲೆದೂಗಿದೆ. ಇದೊಂದನ್ನು ಕೊಂಕಿಲ್ಲದೆ ಬರೆಯುತ್ತಿದ್ದೇನೆ, ಆ ಮಾತು ನನಗೆ ನಿಜವಾಗಿಯೂ ಹಿಡಿಸಿತ್ತು.

ಆ ಚಳಿಗಾಲವೆಲ್ಲ ನಾನು ಅದನ್ನೇ ಬರೆದೆ. ಕಣ್ಣಿನ ಒಳರೆಪ್ಪೆಯ ಬಣ್ಣ ನೋಡಿ ಹೊಟ್ಟೆಯಲ್ಲಿ ಹುಳುವಿದೆಯೇ ಎಂದು ಹೇಳುವುದನ್ನು ಮೊದಲ ವಾರಕ್ಕೆ ಇಟ್ಟೆ, ಹಿಮ ಕರಗಿ ಅಂಗಳ ಕೆಸರಾಗುವ ಹೊತ್ತಿಗೆ ಗೊರಸಿನ ಪಾಠ ಬರುವಂತೆ ಮಾಡಿದೆ, ಹೆರಿಗೆಯ ಪಾಠವನ್ನು ತಮ್ಮ ನಮೂನೆ ಹೇಳಿದ ವಾರದಿಂದ ಕಿತ್ತು ಕುರಿಗಳು ನಿಜವಾಗಿ ಈಯುವ ವಾರಕ್ಕೆ ತಂದೆ. ಐದನೆಯ ವಾರದ ಎದುರಿಗೆ, ಕಣ್ಣು ಮುಚ್ಚಿಕೊಂಡು ಬರೀ ಬೆರಳಿನಿಂದ ಮುಟ್ಟಿ, ಮುರಿದು ಕೂಡಿಕೊಂಡ ಮೂಳೆಯನ್ನು ವಿದ್ಯಾರ್ಥಿ ಗುರುತಿಸುತ್ತಾನೆ ಎಂದು ಬರೆದೆ. ಅಳೆಯಲು ಇದಕ್ಕಿಂತ ಸುಲಭವಾದ ಕಲಿಕಾ ಫಲ ತಮ್ಮ ಕೈಪಿಡಿಯಲ್ಲೂ ಇಲ್ಲ. ಒಂದು ಹಾಳೆ ಅರವತ್ತು ಪುಟ ದಾಟಿತು, ಬರೆದಷ್ಟನ್ನು ಆಗಿಂದಾಗಲೇ ಪಾಠವನ್ನೂ ಮಾಡಿದೆ.

ಆಮೇಲೆ ಸಂಪನ್ಮೂಲಗಳ ಕಾಲಂ ಬಂತು. ಅಲ್ಲಿ ಮೊದಲ ಸಾಲಿನಲ್ಲಿ ಸಬಿರ್ ಎಂದು ಬರೆದೆ. ಸಬಿರ್ ಎಂದರೆ ನಮ್ಮ ಮಾತಿನಲ್ಲಿ ತಾಳ್ಮೆ; ವಿಭಾಗದ ಹಿಂದಿನ ಅಂಗಳದಲ್ಲಿ ಕಟ್ಟಿದ್ದ ಬೂದು ಬಣ್ಣದ ಟಗರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಮರಿಯಾಗಿದ್ದಾಗ ಕಾಲುವೆಗೆ ಬಿದ್ದು ಹಿಂಗಾಲು ಮುರಿದುಕೊಂಡು, ನಮ್ಮವರೇ ಕಟ್ಟಿದ ಪಟ್ಟಿಯಲ್ಲಿ ವಾಸಿಯಾಗಿ, ಕಾಲಿನ ಮೂಳೆಯ ಮೇಲೆ ಅಡಕೆ ಗಾತ್ರದ ಗಂಟು ಉಳಿಸಿಕೊಂಡಿತ್ತು. ಆಮೇಲೆ ಬಂದ ಒಂದೊಂದು ತಂಡವೂ ಆ ಗಂಟನ್ನು ತಡವಿ ಕಲಿತಿತ್ತು. ಎಷ್ಟು ಕೈ ಮುಟ್ಟಿದರೂ ಅದು ಮೆಲುಕು ಹಾಕುತ್ತ ನಿಂತೇ ಇರುತ್ತಿತ್ತು, ಕ್ಯಾಂಟೀನಿನಿಂದ ಹುಡುಗರು ತಂದ ರೊಟ್ಟಿ ತಿಂದು ಬಾಲದ ಕೊಬ್ಬು ಬೆಳೆಸುತ್ತಿತ್ತು. ಡೀನ್ ಕರಡು ಓದಿ ನನ್ನನ್ನು ಕರೆಸಿ, “ಎಜೆ, ಇದಕ್ಕೆ ಆರು ವರ್ಷ. ಐದು ವರ್ಷಕ್ಕಿಂತ ಹಳೇದನ್ನ ಸಂಪನ್ಮೂಲ ಅಂತ ಅವ್ರು ಒಪ್ಪಲ್ಲ” ಎಂದರು. ವರ್ಷ ವರ್ಷ ಉಣ್ಣೆ ಕತ್ತರಿಸುತ್ತೇವಾದ್ದರಿಂದ ಇದು ಪ್ರತಿವರ್ಷದ ಪರಿಷ್ಕೃತ ಆವೃತ್ತಿ ಎಂದು ಅಡಿಟಿಪ್ಪಣಿ ಸೇರಿಸಿದೆ. ತಾವು ಅದನ್ನು ಆಕ್ಷೇಪಿಸಲಿಲ್ಲ, ಅದಕ್ಕಾಗಿ ವಂದನೆಗಳು.

ತಾವು ಗುರುವಾರ ಬರುವವರಿದ್ದಿರಿ. ಘಟ್ಟದಲ್ಲಿ ಹಿಮ ಬೀಳುವ ಸೂಚನೆ ಕಂಡು, ನಮ್ಮ ಮೇಲಿನ ಪ್ರೀತಿಯಿಂದ ಬುಧವಾರವೇ ಬಂದಿರಿ. ಆ ಬೆಳಿಗ್ಗೆ ನಾನು ಬಜಾರಿನ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ತಮಗೆ ಕೊಡಬೇಕಾದ ಪ್ರತಿಗಳನ್ನು ಹೊಲಿಸುತ್ತ ನಿಂತಿದ್ದೆ. ಯಂತ್ರ ಸಂಪನ್ಮೂಲಗಳ ಪುಟವನ್ನು ಉಗುಳುತ್ತಿದ್ದ ಹೊತ್ತಿಗೆ ಇಲ್ಲಿ ಮೊದಲ ಸಂಪನ್ಮೂಲದ ಕೊರಳಿನ ಹಗ್ಗ ಬಿಚ್ಚುತ್ತಿದ್ದರು ಎಂದು ನನಗೆ ಹೇಗೆ ಗೊತ್ತಾಗಬೇಕು. ಘಟ್ಟ ದಾಟಿ ಬಂದ ಅತಿಥಿಗೆ ಕುರಿ ಕಡಿಯದಿರುವ ಮನೆ ಮನೆಯೇ ಅಲ್ಲ, ವಿಭಾಗವೂ ಅಲ್ಲ. ಡೀನ್ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು: “ಏನ್ ಮಾಡ್ಲಿ ಎಜೆ, ಅಂಗಳದಲ್ಲಿ ಇದ್ದಿದ್ದು ಅದೊಂದೇ. ಬಿಷ್ಕೆಕ್‌ನಿಂದ ಬಂದವ್ರ ಮುಂದೆ ಕ್ಯಾಂಟೀನ್ ಕಟ್ಲೆಟ್ ಇಟ್ಟು ಮುಖ ಎತ್ತೋಕಾಗುತ್ತಾ? ಕುರಿಗೆ ಕುರಿ, ನಾಳೆ ಇನ್ನೊಂದು ತರ್ಸಿದ್ರಾಯ್ತು ಅಂದ್ಕೊಂಡೆ.” ನಾನು ಅವರನ್ನು ದೂರಲಾರೆ. ಅವರ ಜಾಗದಲ್ಲಿ ನಾನಿದ್ದರೂ ಕಣ್ಣು ಅದೇ ಅಂಗಳದ ಕಡೆಗೇ ಹೋಗುತ್ತಿತ್ತು.

ಕಡಿಯುವ ಮೊದಲು ಕುರಿಯನ್ನು ಹಿರಿಯ ಅತಿಥಿಯ ಮುಂದೆ ತಂದು ಹಾರೈಕೆ ಪಡೆಯುವುದು ವಾಡಿಕೆ. ಸಬಿರ್‌ನನ್ನೂ ತಮ್ಮ ಮುಂದೆ ತಂದರು. ತಾವು ಎರಡೂ ಅಂಗೈ ತೆರೆದು, “ಈ ವಿಭಾಗದಲ್ಲಿ ಮಂದೆ ಹೆಚ್ಚಲಿ, ವಿದ್ಯೆ ಹೆಚ್ಚಲಿ” ಎಂದು ಹರಸಿ ಮುಖ ಸವರಿಕೊಂಡಿರಂತೆ. ಮಾನ್ಯರೇ, ಪರಿಶೀಲನೆ ಎಂದರೆ ಅದೇ ಅಲ್ಲವೇ? ಕುರಿ ತಮ್ಮೆದುರು ನಾಲ್ಕು ಕಾಲಿನ ಮೇಲೆ ನಿಂತಿತ್ತು, ಉಸಿರಾಡುತ್ತಿತ್ತು. ಆ ಕ್ಷಣದಲ್ಲಿ ತಮ್ಮ ಪೆನ್ನು ಜೇಬಿನಲ್ಲಿತ್ತು ಎಂಬುದೊಂದೇ ನಮ್ಮ ದುರದೃಷ್ಟ.

ನಾನು ಪ್ರತಿಗಳ ಕಟ್ಟು ಹೊತ್ತು ಓಡಿಬಂದಾಗ ಹರಿವಾಣ ಆಗಲೇ ಮಂಡಿಸಿತ್ತು. ನಮ್ಮ ಊಟದ ಕ್ರಮವನ್ನು ಯಾವ ಸಮಿತಿಯೂ ತಿದ್ದಬೇಕಾಗಿಲ್ಲ: ತಲೆ ಅಧ್ಯಕ್ಷರಿಗೆ, ತೊಡೆಯ ಮೂಳೆ ಅವರ ನಂತರದ ಹಿರಿಯರಿಗೆ, ಕಾಲಿನ ಮೂಳೆ ಅದರ ನಂತರದವರಿಗೆ, ಬಾಲದ ಕಡೆಯ ಭಾಗ ಹಿರಿಯ ಹೆಂಗಸಿಗೆ, ಯಾರಿಗೆ ಏನು, ಎಷ್ಟು, ಯಾವಾಗ ಎಂಬುದರಲ್ಲಿ ಒಂದಿಷ್ಟೂ ಗೊಂದಲವಿಲ್ಲ, ಪಾಲು ಸಿಗದವನಿಲ್ಲ, ಮೇಲ್ಮನವಿ ಹಾಕಿದವನನ್ನು ನಾನು ಕಂಡಿಲ್ಲ. ತಮ್ಮ ಕೈಪಿಡಿಯನ್ನು ಓದುವ ಬದಲು ಒಂದು ಕುರಿಯನ್ನು ಹಂಚುವುದನ್ನು ನೋಡಿದ್ದರೆ ನನ್ನ ಪಠ್ಯಕ್ರಮ ಬೇಗ ಮುಗಿಯುತ್ತಿತ್ತೇನೋ. ನನಗೂ ನನ್ನ ಪಾಲು ಕೊಟ್ಟರು. ಬೆಳಗಿನಿಂದ ಹಸಿದಿದ್ದೆ, ತಿಂದೆ. ರುಚಿಯಾಗಿತ್ತು ಎಂದು ಬರೆಯಲು ಈಗ ಸಂಕಟವಾಗುತ್ತದೆ, ಆದರೆ ರುಚಿಯಾಗಿತ್ತು.

ಅತಿಥಿಗಳಿಗೆ ಚಹಾ ಬಗ್ಗಿಸುತ್ತಿದ್ದವಳು ನನ್ನ ವಿದ್ಯಾರ್ಥಿನಿ ಬುರುಲ್ಚಾ. ಕೊನೆಯ ವರ್ಷದವಳು, ಬರುವ ಬೇಸಿಗೆಯಲ್ಲಿ ತನ್ನ ದೊಡ್ಡಪ್ಪನ ಮಂದೆಯ ಜೊತೆಗೆ ಇನ್ನೂ ನಾಲ್ಕು ಮನೆಯ ಕುರಿಗಳ ಹೊಣೆ ಹೊತ್ತು ಜೈಲೂಗೆ ಹೋಗುವವಳು, ಅಲ್ಲಿಗೆ ಇವಳ ಹೊರತು ಬೇರೆ ವೈದ್ಯರು ಬರುವುದಿಲ್ಲ. ತಮ್ಮ ಪಕ್ಕದಲ್ಲಿ ಕುಳಿತಿದ್ದ ಗುಣಮಟ್ಟ ತಜ್ಞರು ತಿಂದಿಟ್ಟ ಮೂಳೆಗಳನ್ನು ತಟ್ಟೆಯಿಂದ ಎತ್ತಿಕೊಳ್ಳುವಾಗ ಅವಳ ಕೈ ನಿಂತಿತು. ತಾವು ಆಗ ಪರಿಣಾಮಕಾರಿ ಕಲಿಕೆಯ ಬಗ್ಗೆ ಮಾತನಾಡುತ್ತಿದ್ದಿರಿ, ಆದ್ದರಿಂದ ಗಮನಿಸಿರಲಾರಿರಿ. ಅವಳು ಬೇರೆಲ್ಲೋ ನೋಡುತ್ತ ಹೆಬ್ಬೆರಳಿನಿಂದ ಆ ಮೂಳೆಯನ್ನು ಮೇಲಿಂದ ಕೆಳಗೆ ಒಮ್ಮೆ ತಡವಿ, ನನ್ನ ಕಿವಿಯ ಹತ್ತಿರ ಬಗ್ಗಿ, “ಎಜೆ, ಇದು ನಮ್ಮ ಐದನೇ ವಾರ ಅಲ್ವಾ?” ಎಂದಳು.

ಮಾನ್ಯರೇ, ಒಂದು ಪಠ್ಯಕ್ರಮ ಪರಿಣಾಮಕಾರಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ತಮ್ಮ ಸಮಿತಿ ಎಲ್ಲಿಯಾದರೂ ಕಂಡಿದ್ದರೆ ತಿಳಿಸಬೇಕಾಗಿ ವಿನಂತಿ. ವಿದ್ಯಾರ್ಥಿನಿ ಕಣ್ಣಿನ ಸಹಾಯವಿಲ್ಲದೆ, ಬೆರಳಿನಿಂದ ಮುಟ್ಟಿ, ಮುರಿದು ಕೂಡಿಕೊಂಡ ಮೂಳೆಯನ್ನು ಗುರುತಿಸಿದಳು. ಅದೂ ಬೇಯಿಸಿದ ಮೂಳೆಯನ್ನು, ಅದೂ ಸಮಿತಿಯ ಸಮಕ್ಷಮದಲ್ಲಿ. ನನ್ನ ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಊಟವಾದ ಮೇಲೆ ತಾವು ಅಂಗಳಕ್ಕೆ ದಯಮಾಡಿಸಿದಿರಿ. ಪಟ್ಟಿಯ ಮೇಲೆ ಬೆರಳಿಟ್ಟು ಮೊದಲ ಸಂಪನ್ಮೂಲ ಎಲ್ಲಿ ಎಂದು ಕೇಳಿದಿರಿ. ಗೂಟವಿತ್ತು, ಹಗ್ಗವಿತ್ತು, ಅರ್ಧ ತಿಂದ ರೊಟ್ಟಿಯಿತ್ತು. ಡೀನ್ ತಮ್ಮದೇ ಬೂಟುಗಳನ್ನು ನೋಡುತ್ತ ನಿಂತರು. ಉಂಡ ಅತಿಥಿಗೆ ಅವನು ಉಂಡದ್ದೇನೆಂದು ಹೇಳಿ ಊಟವನ್ನು ಕೆಡಿಸುವಷ್ಟು ಕೀಳು ಬುದ್ಧಿ ನನಗೂ ಇರಲಿಲ್ಲವಾದ್ದರಿಂದ, ಸದ್ಯಕ್ಕೆ ಅದು ಇಲ್ಲಿಲ್ಲ ಎಂದೆ. ತಾವು ಮಾಂಸ ಕೊಯ್ದುಕೊಂಡಿದ್ದ ಚಾಕುವನ್ನು ಕರವಸ್ತ್ರದಿಂದ ಒರೆಸಿ ಮಡಚುತ್ತ, “ಎಜೆ, ಕಾಗದದ ಮೇಲೆ ಬರೆದ್ರೆ ಸಾಲ್ದು. ಬರೆದದ್ದು ಸ್ಥಳದಲ್ಲಿ ಇರ್ಬೇಕು” ಎಂದು ಬುದ್ಧಿ ಹೇಳಿದಿರಿ. ಅದು ಸ್ಥಳದಲ್ಲೇ ಇತ್ತು ಮಾನ್ಯರೇ, ತಮ್ಮ ಕೋಟಿನ ಗುಂಡಿಗಳ ಹಿಂದೆ.

ವರದಿ ಏಪ್ರಿಲ್‌ನಲ್ಲಿ ತಲುಪಿತು. ಭಾಷೆ ಶುದ್ಧವಾಗಿದೆ, ಅಂಚು ಬಿಟ್ಟಿರುವುದು ನಿಯಮದಂತಿದೆ ಎಂದು ಹೊಗಳಿದ್ದೀರಿ. ಘೋಷಿತ ಸಂಪನ್ಮೂಲ ಸ್ಥಳದಲ್ಲಿ ಇಲ್ಲದ ಕಾರಣ ಪ್ರಾಯೋಗಿಕ ತರಗತಿಗಳನ್ನು ರದ್ದುಪಡಿಸಿ, ಬರುವ ಸೆಪ್ಟೆಂಬರಿನಿಂದ ಪರದೆಯ ಮೇಲೆ ಚಿತ್ರ ತೋರಿಸಿ ಪಾಠ ಮಾಡಬೇಕು ಎಂದಿದ್ದೀರಿ. ಬುರುಲ್ಚಾ ಹೇಗೋ ಕಲಿತಾಯಿತು. ಅವಳ ಹಿಂದೆ ಬರುವವರು ಪರದೆಯ ಮೇಲಿನ ಕುರಿಯ ಕಣ್ಣುರೆಪ್ಪೆ ನೋಡಿ ಬೆಟ್ಟ ಹತ್ತುತ್ತಾರೆ, ಅಲ್ಲಿ ಮನುಷ್ಯರ ವರ್ಷದ ಅನ್ನವಾದ ಕುರಿಗಳು ಇವರ ಕಣ್ಣೆದುರೇ ಒಂದೊಂದಾಗಿ ಮಲಗಿದರೆ ಏನು ಮಾಡಬೇಕೆಂದು ಗೊತ್ತಾಗದೆ ನಿಲ್ಲುತ್ತಾರೆ. ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಈ ಪತ್ರದ ವಿನಯವನ್ನೆಲ್ಲ ಆ ಸಿಟ್ಟನ್ನು ಮುಚ್ಚಲೆಂದೇ ಹೊದಿಸಿದ್ದೇನೆ.

ನಾನು ಮೇಲ್ಮನವಿ ಸಲ್ಲಿಸಿದ್ದೇನೆ. ಅದರ ವಿಚಾರಣೆಗೆ ಸಮಿತಿ ಮತ್ತೊಮ್ಮೆ ಸ್ಥಳಕ್ಕೇ ಬರುತ್ತದಂತೆ, ತಮ್ಮದೇ ಅಧ್ಯಕ್ಷತೆಯಲ್ಲಿ. ಬುರುಲ್ಚಾಳ ಮನೆಯವರು ಒಂದು ಎಳೆಯ ಟಗರನ್ನು ವಿಭಾಗಕ್ಕೆ ಬಿಟ್ಟುಕೊಟ್ಟಿದ್ದಾರೆ. ಅದನ್ನು ತಂದು ಕಟ್ಟುವಾಗ ಅವಳು, “ಎಜೆ, ಜಾಸ್ತಿ ಮೇಯಿಸ್ಬೇಡಿ, ದಪ್ಪ ಆದ್ರೆ ಡೀನ್ ಕಣ್ಣಿಗೆ ಬೀಳುತ್ತೆ” ಎಂದಳು. ಈಗ ನನ್ನ ಕಷ್ಟ ತಮಗೆ ಅರ್ಥವಾದೀತು. ಕುರಿ ಇದೆ ಎಂದು ನಂಬಿಸಬೇಕಾದರೆ ತಾವು ಬರಬೇಕು. ತಾವು ಬಂದರೆ ಕುರಿ ಇರುವುದಿಲ್ಲ. ಆದ್ದರಿಂದ ಅಂದಿನ ಮಟ್ಟಿಗೆ ತಾವು ಅತಿಥಿಗಳಲ್ಲ ಎಂದು ಸಚಿವಾಲಯದಿಂದ ಒಂದು ಆದೇಶ ಹೊರಡಿಸಲು ಸಾಧ್ಯವೇ? ಇಲ್ಲವಾದರೆ ಘಟ್ಟದ ಮೇಲಿನಿಂದಲೇ ದುರ್ಬೀನು ಹಿಡಿದು ನಮ್ಮ ಅಂಗಳವನ್ನು ಪರಿಶೀಲಿಸಬಹುದೇ? ಅದೂ ಆಗದಿದ್ದರೆ, ಮೊದಲ ಸಂಪನ್ಮೂಲವನ್ನು ಒಳಗೊಂಡಿರುವ ತಾವೇ ಮಂಗಳವಾರದ ಮೂರನೆಯ ಪಿರಿಯಡ್ಡಿಗೆ ನಮ್ಮ ಅಂಗಳದಲ್ಲಿ ಬಂದು ನಿಲ್ಲುವಿರಾದರೆ ತಮ್ಮ ಹೆಸರನ್ನು ಆ ಕಾಲಂನಲ್ಲಿ ಸಂತೋಷದಿಂದ ಬರೆಯುತ್ತೇನೆ. ರೊಟ್ಟಿಯ ಏರ್ಪಾಡು ಹುಡುಗರದು.

ಇವು ಯಾವುವೂ ಆಗುವುದಿಲ್ಲ ಎಂದು ಗೊತ್ತಿರುವುದರಿಂದ ನಾನು ಮಾಡಲಿರುವುದನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ. ಅಂದು ತಮಗೆ ಕೊಡುವುದು ಚಹಾ ಮತ್ತು ರೊಟ್ಟಿ. ಬೇರೆ ಏನೂ ಇರುವುದಿಲ್ಲ. ಡೀನ್ ಕೇಳಿ, “ಬರೀ ಚಹಾ ಕೊಟ್ರೆ ಕೋರ್ಸ್ ಅಲ್ಲ ಎಜೆ, ವಿಭಾಗಾನೇ ಮುಚ್ತಾರೆ” ಎಂದು ತಲೆ ಹಿಡಿದುಕೊಂಡರು. ನಮ್ಮ ಮನೆತನದಲ್ಲಿ ಘಟ್ಟ ದಾಟಿ ಬಂದವರನ್ನು ಮಾಂಸವಿಲ್ಲದೆ ಕಳಿಸಿದ ಹೆಂಗಸು ನಾನೇ ಮೊದಲು. ಇದನ್ನು ಬರೆಯುವಾಗಲೇ ಮುಖ ಬಿಸಿಯಾಗುತ್ತಿದೆ. ಊರು ಆಡಿಕೊಳ್ಳುತ್ತದೆ, ನಾಳೆ ಮಗನಿಗೆ ಹೆಣ್ಣು ಕೇಳಲು ಹೋದರೆ ಆ ಮನೆಯವರೂ ನೆನಪಿಸುತ್ತಾರೆ. ಆಗಲಿ. ಕುರಿಯ ಹಗ್ಗ ಅಂದು ನನ್ನ ಕೈಯಲ್ಲೇ ಇರುತ್ತದೆ, ತಾವು ಹರಸಲು ಅಂಗೈ ತೆರೆದರೆ ನಾನು ಅದನ್ನು ನನ್ನ ಬೆನ್ನ ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ತಮ್ಮ ಹಸಿವನ್ನು ಎಳ್ಳಷ್ಟೂ ಶಂಕಿಸದ,
ತಮ್ಮ ವಿಶ್ವಾಸಿ,
ಕಾಲಿಪಾ ಸಗಿನ್‌ಬಾಯೆವಾ
(ಸಂಬಂಧಪಟ್ಟ ಬೋಧಕಿ)

ತಾ.ಕ.: ಅಕಸ್ಮಾತ್ ಈ ಸಲವೂ ಸಂಪನ್ಮೂಲ ಸ್ಥಳದಲ್ಲಿ ಕಾಣದೇ ಹೋದರೆ, ಪ್ರಾಯೋಗಿಕ ಪರೀಕ್ಷೆಯನ್ನು ಆಗ ಅಂಗಳದಲ್ಲಿ ಹಾಜರಿರುವವರ ಮೇಲೆಯೇ ನಡೆಸಲು ವಿದ್ಯಾರ್ಥಿಗಳು ಒಪ್ಪಿದ್ದಾರೆ. ಮೊದಲು ಜ್ವರ ನೋಡುತ್ತಾರೆ. ಕುರಿಗಳಿಗೆ ಥರ್ಮಾಮೀಟರನ್ನು ಬಾಯಿಗೆ ಇಡುವುದಿಲ್ಲ ಎಂಬುದು ಪಠ್ಯಕ್ರಮದಲ್ಲಿದೆ; ಘಟ್ಟ ಹತ್ತುವ ಮುನ್ನ ದಯವಿಟ್ಟು ಒಮ್ಮೆ ಓದಿಕೊಂಡು ಬನ್ನಿ.