ಹುಣಸೆಹುಳಿಯಲ್ಲಿ ಮಿಂದ ಬೋಗಿ

ತುಲಾ ಸಂಕ್ರಮಣದ ಆ ಬೆಳಿಗ್ಗೆ ಸಿದ್ಧಕಟ್ಟೆಯಲ್ಲಿ ಬಿಸಿಲು ಬಂದ ರೀತಿಯೇ ಬೇರೆ. ಹಿಂದಿನ ಸಂಜೆ ಗುಡುಗಿ ಸುರಿದ ಮಳೆ ಆಕಾಶವನ್ನು ತೊಳೆದಿಟ್ಟು ಹೋಗಿತ್ತು. ಮಂಜು ಗದ್ದೆಯ ಮೇಲೆ ಸ್ವಲ್ಪ ಹೊತ್ತು ಕೂತು, ಇನ್ನು ತನಗಿಲ್ಲಿ ಕೆಲಸವಿಲ್ಲವೆಂಬಂತೆ ಎದ್ದು ಹೋಯಿತು. ಅನಂತರ ಬಂದದ್ದು ಹಿತ್ತಾಳೆ ಬೆಳಗುವವರು ಕಾದು ಕೂರುವಂಥ ಬಿಸಿಲು. ಶಶಿಕಿರಣ ಮಾಸ್ಟ್ರ ತಾಪತ್ರಯವೆಲ್ಲ ಶುರುವಾದದ್ದು ಈ ಒಳ್ಳೆಯ ಬಿಸಿಲಿನಿಂದಲೇ.

ಮಾಸ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಪಾಠ ಬಿಟ್ಟರೆ ಅವರಿಗಿದ್ದ ಲೋಕ ಒಂದೇ, ರೈಲುಬೋಗಿಗಳನ್ನು ಮೊಳದೊಳಗಿನ ಅಳತೆಗೆ ಇಳಿಸಿ ಕಟ್ಟುವುದು. ಇಂಗ್ಲೆಂಡಿನಿಂದ ಅಂಚೆಯಲ್ಲಿ ರಟ್ಟಿನಷ್ಟು ತೆಳುವಾದ ಹಿತ್ತಾಳೆ ತಗಡುಗಳು ಬರುತ್ತಿದ್ದವು. ಆಸಿಡ್ಡಿನಲ್ಲಿ ಕೊರೆದ ಗೆರೆಗಳ ನಡುವೆ ಬಾಗಿಲು, ಕಿಟಕಿ, ಸೀಟು, ಮೆಟ್ಟಿಲು ಎಲ್ಲವೂ ಆ ತಗಡಿನಲ್ಲೇ ಮಲಗಿರುತ್ತಿದ್ದವು. ಒಂದೊಂದನ್ನೇ ಬಿಡಿಸಿ, ಮಡಚಿ, ಬೆಸುಗೆ ಹಾಕಿ ಎಬ್ಬಿಸಬೇಕು. ಬಾಗಿಲಿನ ಹಿಡಿ ಎಂದರೆ ಸಾಸಿವೆಯ ಮಗ. ಅದು ಚಿಮುಟದಿಂದ ಹಾರಿತೋ, ಮಾಸ್ಟ್ರು ನೆಲಕ್ಕೆ ಕೆನ್ನೆ ಒತ್ತಿ ಉದ್ದಕ್ಕೆ ಮಲಗಿ ಹುಡುಕುತ್ತಿದ್ದರು. ಆಗ ಮನೆಗೆ ಬಂದವರು, ಏನೋ ನಮಸ್ಕಾರ ನಡೆದಿದೆಯೆಂದು ತಿಳಿದು ತಾವೂ ಕೈಮುಗಿದು ನಿಲ್ಲುತ್ತಿದ್ದರು.

ಈಗಿನ ಬೋಗಿಗೆ ವರ್ಷಗಳೇ ಹಿಡಿದಿದ್ದವು. ಮೀಟರ್ ಗೇಜಿನ ಕಾಲದಲ್ಲಿ ಬಂಟ್ವಾಳದ ಮೇಲೆ ಸುಬ್ರಹ್ಮಣ್ಯದ ಕಡೆಗೆ ಹೊಗೆ ಕುಡಿಯುತ್ತ ಹೋಗುತ್ತಿತ್ತಲ್ಲ, ಅಂಥದೇ ಬೋಗಿ. ಅದರ ತಲೆಯ ಮೇಲಿನ ಮಾಡಂತೂ ಕಾಯಿಸಿದಾಗಲೆಲ್ಲ ಹಪ್ಪಳದ ಹಾಗೆ ಸೊಟ್ಟಗಾಗಿ ಮಾಸ್ಟ್ರನ್ನು ಅಳಿಸಿತ್ತು. ಕೊನೆಗೊಂದು ದಿನ ಹೇಗೋ ನೆಟ್ಟಗೆ ಕೂತಿತು. ಹೇಗೆ ಕೂತಿತೆಂಬುದು ಗಣಿತಕ್ಕೆ ಸಿಕ್ಕದ ವಿಷಯವಾದ್ದರಿಂದ ಮಾಸ್ಟ್ರು ಅದನ್ನು ಹೆಚ್ಚು ಯೋಚಿಸಲಿಲ್ಲ.

ಊರವರು ಅದನ್ನು ‘ಮಾಸ್ಟ್ರ ತಗಡು’ ಎಂದು ಕರೆಯುತ್ತಿದ್ದರು. ಬಲ್ಲವರ ಕಣ್ಣಿಗೆ ಅದೊಮ್ಮೆ ಬೀಳಬೇಕೆಂಬುದು ಮಾಸ್ಟ್ರ ಜೀವಮಾನದ ಆಸೆ. ಆ ದಿನ ಬಂದಿತ್ತು. ಬೆಂಗಳೂರಿನಲ್ಲಿ ಇಂಥ ಮಾದರಿಗಳ ಪ್ರದರ್ಶನ. ಮಂಗಳೂರಿನ ರಾಮಪ್ರಸಾದ್ ಎಂಬವರು ಸಂಜೆ ಕಾರಿನಲ್ಲಿ ಹೋಗುವಾಗ ಬಿ.ಸಿ.ರೋಡಿನಲ್ಲಿ ನಿಂತು ಬೋಗಿಯನ್ನು ಒಯ್ಯುವುದೆಂದು ಮಾತಾಗಿತ್ತು. ಬಣ್ಣ ಬಳಿಯಬೇಡಿ, ಬೆಸುಗೆಯ ಕೆಲಸ ಕಾಣಲಿ ಎಂದಿದ್ದರು ಅವರು.

ಹಾಗೆ ಬೆಳಿಗ್ಗೆ ಬೋಗಿಗೆ ಕೊನೆಯ ಸ್ನಾನ. ಮನೆಯಲ್ಲಿ ಹುಣಸೆಹುಳಿ ಕಿವುಚಿ ಸಿದ್ಧವಾಗಿಯೇ ಇತ್ತು. ಏಕೆಂದರೆ ಊರ ದೈವಸ್ಥಾನದ ದೀಪ, ಗಿಂಡಿ, ಗಂಟೆಗಳನ್ನು ಪ್ರತಿ ಸಂಕ್ರಮಣಕ್ಕೆ ಒಂದೊಂದು ಮನೆಯವರು ಬೆಳಗಿ ಕೊಡುವ ಕ್ರಮ, ಈ ಸಲ ಸರದಿ ಮಾಸ್ಟ್ರ ಹೆಂಡತಿ ವಾಗ್ದೇವಿಯವರದು. ತುಳಸಿಕಟ್ಟೆಯ ಪಕ್ಕದ ಚಾಪೆಯ ಮೇಲೆ ದೀಪಗಳ ಸಾಲು, ಸಾಲಿನ ಕೊನೆಗೆ ಬೋಗಿ. ಬಿಸಿಲಿಗೆ ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಹೊಳೆಯುತ್ತಿದ್ದವು.

ಮಾಸ್ಟ್ರು ಸ್ನಾನಕ್ಕೆ ಹೋದರು. ಪೆಟ್ಟಿಗೆಯಲ್ಲಿ ಹತ್ತಿ ಎಷ್ಟು ತುಂಬಬೇಕು ಎಂಬ ಯೋಚನೆಯಲ್ಲಿದ್ದಾಗ ಹೊರಗಿನಿಂದ ವಾಗ್ದೇವಿ ಏನೋ ಕೇಳಿದರು. ಮಾಸ್ಟ್ರು ಸಂಸಾರಸ್ಥರ ವಾಡಿಕೆಯಂತೆ, “ಆಯ್ತು, ಆಯ್ತು” ಎಂದರು.

ಅಂಗಳಕ್ಕೆ ಬಂದು ನೋಡಿದರೆ ಚಾಪೆ ಖಾಲಿ. ದೀಪಗಳೂ ಇಲ್ಲ, ಬೋಗಿಯೂ ಇಲ್ಲ, ವಾಗ್ದೇವಿಯೂ ಇಲ್ಲ. ಮೂಡಬಿದ್ರೆಯ ಅಕ್ಕನ ಮನೆಗೆ ಹೋಗಿ ಸಂಜೆ ಬರುತ್ತೇನೆಂದು ಅವರು ಹಿಂದಿನ ದಿನವೇ ಹೇಳಿದ್ದು ನೆನಪಾಯಿತು. ಫೋನ್ ಮಾಡಿದರೆ ಅದು ಅಡುಗೆಮನೆಯ ಅಕ್ಕಿಡಬ್ಬದ ಮೇಲೆ ಹಾಡತೊಡಗಿತು.

ಎದೆಯ ಹತ್ತಿರ ಸುಟ್ಟ ತೂತಿದ್ದ ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಂಡು ಮಾಸ್ಟ್ರು ಬೇಲಿಯಾಚೆಯ ಶಶಿಪ್ರಭಕ್ಕನನ್ನು ವಿಚಾರಿಸಿದರು. ಶಶಿಪ್ರಭಕ್ಕ ಗೊತ್ತಿಲ್ಲವೆಂದು ಯಾರನ್ನೂ ಬರಿಗೈಯಲ್ಲಿ ಕಳುಹಿಸಿದವರಲ್ಲ. ಬೆಳಿಗ್ಗೆ ಗುಜರಿಯ ಟೆಂಪೋ ಹೋದದ್ದನ್ನು ತಾನು ನೋಡಿದ್ದೇನೆ, ಅದು ಈ ಮನೆಯ ಮುಂದೆ ನಿಧಾನವಾಗಿತ್ತು, ನಿಧಾನವಾಗಲು ಕಾರಣವಿರಬೇಕಲ್ಲ ಎಂದರು. ಮನೆಯ ಗೇಟಾದ ದಣಪೆಯ ಮುಂದೆ ರಸ್ತೆಯಲ್ಲಿ ದೊಡ್ಡ ಹೊಂಡವಿರುವುದು ಮಾಸ್ಟ್ರಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಬಿ.ಸಿ.ರೋಡಿನ ಬಸ್ಸಿಗೆ ಓಡಿದರು.

ಅಬ್ದುಲ್ ಮಜೀದರ ಗುಜರಿ ಅಂಗಡಿಯಲ್ಲಿ ಹಿತ್ತಾಳೆಯ ರಾಶಿಯೇ ಇತ್ತು. ಮಾಸ್ಟ್ರು ಮಂಡಿಯೂರಿ ಕೆದಕಿದರು. ಕೊಡಪಾನಗಳು, ನಲ್ಲಿಗಳು, ಯಾರದೋ ಹೆಸರು ಕೆತ್ತಿದ ಲೋಟಗಳು ಉರುಳಿದವು, ಬೋಗಿಯಿಲ್ಲ. ಕೊನೆಗೆ ಮೊಬೈಲಿನಲ್ಲಿದ್ದ ಫೋಟೋ ತೋರಿಸಿದರು. ಮಜೀದರು ಕನ್ನಡಕ ಒರೆಸಿ, ಚಿತ್ರವನ್ನು ಹಿಗ್ಗಿಸಿ, ಬಾಗಿಲಿನ ಹಿಡಿಯವರೆಗೆ ಹೋಗಿ ನಿಂತರು.

“ಇದನ್ನು ಯಾರಾದರೂ ತಂದಿದ್ರೆ ನಾನು ತಕ್ಕಡಿಗೆ ಹಾಕ್ತಿರಲಿಲ್ಲ ಮಾಸ್ಟ್ರೇ. ನಮ್ಮನ್ನೆಲ್ಲ ಪಡೆದ ಮೇಲಿನವನು ಮಾಡಿಸಿದ್ದು ಇಂಥದ್ದು. ಬರೇ ಕೈಯಿಂದ ಆಗುದಲ್ಲ.”

ಆ ಮಾತು ಮಾಸ್ಟ್ರಿಗೆ ಏಕೋ ಎದೆಯಲ್ಲಿ ಚುಚ್ಚಿದಂತಾಯಿತು. ಸರಿಯಾಗಿ ಬನಿಯನ್ನಿನ ತೂತಿನ ಹತ್ತಿರ. ಆಗಲೇ ಶಶಿಪ್ರಭಕ್ಕನ ಫೋನ್ ಬಂತು. ತಗಡು ದೈವಸ್ಥಾನದಲ್ಲಿದೆಯಂತೆ, ಊರೆಲ್ಲ ನೋಡಲು ಹೋಗುತ್ತಿದೆ, ಗುಜರಿಯವನ ಮೇಲೆ ಸಂಶಯ ಪಡುವುದು ಮಹಾಪಾಪ ಎಂದು ಅವರು ಮಾಸ್ಟ್ರಿಗೇ ಬುದ್ಧಿ ಹೇಳಿದರು.

ಹಿಂದಿರುಗುವ ಬಸ್ಸಿನಲ್ಲಿ ಸುದ್ದಿ ಮಾಸ್ಟ್ರಿಗಿಂತ ಮೊದಲೇ ಸೀಟು ಹಿಡಿದು ಕೂತಿತ್ತು. ಸಿದ್ಧಕಟ್ಟೆಯಲ್ಲಿ ಹಳಿಯೇ ಇಲ್ಲವಲ್ಲ, ಬೋಗಿಯನ್ನು ಕಳ್ಳ ಯಾವುದರ ಮೇಲೆ ಎಳೆದುಕೊಂಡು ಹೋದ ಎಂದು ಕಂಡಕ್ಟರ್ ಕೇಳಿದ. ಹಿಂದಿನ ಸೀಟಿನವರೊಬ್ಬರು ಜೆಸಿಬಿ ಇದ್ದರೆ ಸಾಧ್ಯವುಂಟು ಎಂದರು. ಮಾಸ್ಟ್ರು ರಿಕ್ಷಾದ ಲತೇಶನಿಗೆ ಫೋನ್ ಹಚ್ಚಿದರು. ಅವನು ಬೆಳ್ತಂಗಡಿಯ ಬಾಡಿಗೆಯಲ್ಲಿದ್ದ. ಹೌದು, ವಾಗ್ದೇವಿಯಮ್ಮನನ್ನು ಬಸ್ಸಿಗೆ ಬಿಟ್ಟು ದೀಪದ ಹೆಡಿಗೆಯನ್ನು ದೈವಸ್ಥಾನಕ್ಕೆ ಮುಟ್ಟಿಸಿದ್ದು ತಾನೇ. ಮೇಲೆ ಬಾಳೆಲೆ ಮುಚ್ಚಿತ್ತು, ದೈವದ ಸೊತ್ತನ್ನು ಎತ್ತಿ ನೋಡುವ ಅಭ್ಯಾಸ ತನಗಿಲ್ಲ. ದೀಪದ ಜೊತೆ ಬೋಗಿಯೂ ಕೈತಪ್ಪಿ ಹೆಡಿಗೆ ಸೇರಿತೆಂದು ಮಾಸ್ಟ್ರು ತೀರ್ಮಾನಿಸಿದರು. ಇನ್ನೇನು, ಹೋಗಿ ತಂದರಾಯಿತು.

ದೈವಸ್ಥಾನದ ಮೆಟ್ಟಿಲಲ್ಲಿ ಅಂಗಿ, ಬನಿಯನ್ ಕಳಚಿ ಹೆಗಲಿಗೆ ಹಾಕಿ ಒಳಹೊಕ್ಕ ಮಾಸ್ಟ್ರು ಅಲ್ಲಿಯೇ ನಿಂತುಬಿಟ್ಟರು.

ಅಷ್ಟು ಜನ ಸೇರಿದ್ದರೂ ಚಾವಡಿಯಲ್ಲಿ ಗದ್ದಲವಿರಲಿಲ್ಲ. ದೈವದ ಉಯ್ಯಾಲೆಯ ಕೆಳಗಿನ ಮಣೆಯ ಮೇಲೆ, ದೈವದ ವಾಹನಗಳಾದ ಹಿತ್ತಾಳೆಯ ಹಂದಿ, ಕುದುರೆ, ಹುಲಿಗಳ ಮಗ್ಗುಲಲ್ಲಿ ಬೋಗಿ ನಿಂತಿತ್ತು. ಸುತ್ತಲೂ ಕೆಂಪು ಕೇಪಳದ ಹೂ. ಹಿಂದಿದ್ದ ದೀಪದ ಬೆಳಕು ಕಿಟಕಿಗಳನ್ನು ಹಾದು ನೆಲದ ಮೇಲೆ ಸಣ್ಣ ಸಣ್ಣ ಚೌಕಗಳ ಸಾಲಾಗಿ ಬಿದ್ದಿತ್ತು. ಜ್ವಾಲೆ ಅಲುಗಿದರೆ ಆ ಸಾಲು ಮೆಲ್ಲಗೆ ಮುಂದಕ್ಕೆ ಸರಿಯುತ್ತಿತ್ತು. ರೈಲು ಹೊರಟಿತ್ತು. ವರ್ಷಗಟ್ಟಲೆ ಟ್ಯೂಬ್‌ಲೈಟಿನಡಿಯಲ್ಲಿ ಅದನ್ನು ಕಂಡಿದ್ದ ಮಾಸ್ಟ್ರಿಗೆ ಇದು ತನ್ನ ಕೈಯ ಕೆಲಸವೆಂದು ನಂಬಲಾಗಲಿಲ್ಲ.

ತಗಡೆಂದು ನಗುತ್ತಿದ್ದ ಶಶಿಪ್ರಭಕ್ಕ ಮಣೆಯ ಮುಂದೆ ಬಗ್ಗಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯೊಳಗೆ ನೋಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ತಾನು ಸುಬ್ರಹ್ಮಣ್ಯಕ್ಕೆ ಹೋದದ್ದು ಇದೇ ಬದಿಯ, ಇದೇ ಮೂಲೆಯ ಸೀಟಿನಲ್ಲಿ ಎಂದು ಅವರು ಪಿಸುಗುಟ್ಟಿದರು. ಉಳಿದವರು ಒಬ್ಬೊಬ್ಬರಾಗಿ ಬಗ್ಗಿ ಆ ಖಾಲಿ ಸೀಟನ್ನು ನೋಡಿ ಹಿಂದೆ ಸರಿದರು.

ದೈವಸ್ಥಾನದ ಆಡಳಿತ ನೋಡುವ ಮೊಕ್ತೇಸರರಾದ ಸುಧಾಕರ ಶೆಟ್ರು ಪೇಟೆಯಲ್ಲಿ ಹೋಟೆಲು ನಡೆಸುವವರು. ಗಟ್ಟಿ ಸ್ವರದ ಅವರೂ ತಗ್ಗಿದ ದನಿಯಲ್ಲಿದ್ದರು. ಘಟ್ಟದಿಂದ ನಡೆದುಬಂದ ದೈವ, ಇನ್ನೆಷ್ಟು ಕಾಲ ನಡೆಯುವುದು ಎಂದು ಯಾರೋ ಅಂದದ್ದಕ್ಕೆ ತಲೆದೂಗುತ್ತಿದ್ದರು. ಮಾಸ್ಟ್ರು ಹತ್ತಿರ ಹೋಗಿ, ಸಂಜೆಯ ಕಾರು, ಬೆಂಗಳೂರು, ಪ್ರದರ್ಶನ ಎಲ್ಲವನ್ನೂ ತೊದಲುತ್ತ ಹೇಳಿದರು. ಶೆಟ್ರು ಕೇಳಿ, ದೀಪದ ಬತ್ತಿಯನ್ನು ತುಸು ಮುಂದಕ್ಕೆ ತಳ್ಳಿದರು.

“ನಮ್ಮ ಹಿರಿಯರು ಒಂದು ಮಾತು ಹೇಳ್ತಿದ್ರು ಮಾಸ್ಟ್ರೇ. ಹೇಳದ್ದು ದೈವಕ್ಕೆ ಬೇಡ, ಹೇಳಿದ್ದನ್ನು ದೈವ ಬಿಡುವುದಿಲ್ಲ. ಇದನ್ನು ಹರಕೆ ಹೇಳಿದ್ದುಂಟಾ ನೀವು?”

“ಇಲ್ಲ ಶೆಟ್ರೇ,” ಎಂದರು ಮಾಸ್ಟ್ರು, ಪ್ರಮೇಯ ಸಾಧಿಸಿ ಮುಗಿಸಿದವರ ಧೈರ್ಯದಲ್ಲಿ.

“ಹಾಗಾದ್ರೆ ತಕ್ಕೊಂಡು ಹೋಗಿ.”

ಮಾಸ್ಟ್ರು ಎತ್ತಿಕೊಂಡರು. ನೆಲದ ಮೇಲಿನ ಕಿಟಕಿಗಳ ಸಾಲು ಆರಿಹೋಯಿತು. ಜನ ದಾರಿ ಬಿಟ್ಟುಕೊಟ್ಟ ರೀತಿ ಮಾತ್ರ, ಮನೆಯಿಂದ ಯಾರನ್ನೋ ಕಳುಹಿಸಿಕೊಡುವಾಗಿನಂತೆ ಇತ್ತು.

ಮನೆಗೆ ಬಂದು, ಬೆವರು ಒರೆಸಿ, ಹತ್ತಿಯ ಹಾಸಿಗೆಯಲ್ಲಿ ಬೋಗಿಯನ್ನು ಮಲಗಿಸುವಾಗ ಬಾಗಿಲಿನ ಹಿಡಿಯೊಂದು ಕಳಚಿ ಬಂತು. ಬೆಂಗಳೂರಿನಲ್ಲಿ ಅಂಟಿಸಿಕೊಳ್ಳಲಿ ಎಂದು ಅದನ್ನು ಕಾಗದದ ಚೂರಿನಲ್ಲಿ ಮಡಚಿ ಜೇಬಿಗೆ ಹಾಕಿದರು. ಅಷ್ಟರಲ್ಲಿ ವಾಗ್ದೇವಿ ಬಂದರು. ಚೀಲ ಕೆಳಗಿಡುವ ಮೊದಲೇ ಅವರ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು.

“ಇದನ್ನು ಯಾಕೆ ವಾಪಸು ತಂದ್ರಿ?”

ಕೈತಪ್ಪಿ ಹೆಡಿಗೆಗೆ ಹೋಗಿತ್ತಲ್ಲ ಎಂದರು ಮಾಸ್ಟ್ರು.

“ಕೈತಪ್ಪಿ ಅಲ್ಲ. ನಾನೇ ಇಟ್ಟದ್ದು. ‘ಸಂಕ್ರಮಣ ಅಲ್ವಾ, ಬೋಗಿಯನ್ನೂ ಕಳಿಸ್ತೇನೆ’ ಅಂತ ಕೇಳಿದೆ. ಆಯ್ತು ಆಯ್ತು ಅಂದ್ರಿ.” ವಾಗ್ದೇವಿ ಕುರ್ಚಿ ಎಳೆದು ಕೂತರು. “ಮಾಡು ಕೂರದೆ ಅಳ್ತಾ ಇದ್ದ ದಿನ ನೆನಪುಂಟಾ? ದೈವಸ್ಥಾನದ ದಿಕ್ಕಿಗೆ ತಿರುಗಿ, ‘ಇದೊಂದು ನೆಟ್ಟಗೆ ಕೂರಿಸು ದೈವವೇ, ಬೋಗಿ ಮುಗಿದ ದಿನ ನಿನಗೇ ಒಪ್ಪಿಸ್ತೇನೆ’ ಅಂದದ್ದು ಯಾರು? ಬೆಸುಗೆಯ ಕಬ್ಬಿಣ ಹಿಡ್ಕೊಂಡೇ ಕೈ ಮುಗಿದ್ರಿ. ನೋಡಿ, ಬನಿಯನ್ನಿನ ತೂತು ಅಲ್ಲಿಯೇ ಉಂಟು.”

ಮಾಸ್ಟ್ರು ಅಂಗಿಯ ಗುಂಡಿ ಬಿಚ್ಚಿ ಬಗ್ಗಿ ನೋಡಿಕೊಂಡರು. ಎದೆಯ ಮೇಲಿನ ತೂತಿನೊಳಗೆ ಬೆರಳು ಹಾಕಿದರು. ಆ ಸಂಜೆ ಸುಟ್ಟ ಹತ್ತಿಯ ವಾಸನೆ ಬಂದದ್ದು, ಮರುಗಳಿಗೆ ಮಾಡು ತಾನಾಗಿ ತಣ್ಣಗೆ ಕೂತದ್ದು, ಎರಡೂ ಒಟ್ಟಿಗೆ ಹಿಂದಿರುಗಿ ಬಂದವು. ದೀಪದೆದುರು ನಿಂತು ಶೆಟ್ರಿಗೆ ಹೇಳಿ ಬಂದ ‘ಇಲ್ಲ’ವೂ ಅವುಗಳ ಹಿಂದೆಯೇ ಬಂತು.

ಮೇಜಿನ ಮೇಲೆ ಫೋನ್ ಕುಣಿಯಿತು. ರಾಮಪ್ರಸಾದರು ಬಿ.ಸಿ.ರೋಡಿಗೆ ಬಂದು ನಿಂತಿದ್ದರು. ಬೋಗಿ ಹೊರಟಿತೇ ಎಂದು ಕೇಳಿದರು.

“ಹೊರಟಿದೆ,” ಎಂದರು ಮಾಸ್ಟ್ರು. “ಆ ಕಡೆಗೆ ಅಲ್ಲ.”

ಕಾರಣ ಕೇಳಿ ರಾಮಪ್ರಸಾದರು, ಮುಂದಿನ ವರ್ಷಕ್ಕೆ ನೀವು ಹೊಸದೊಂದು ಕಟ್ಟಿ, ತಗಡು ನಾನು ತರಿಸಿಕೊಡುತ್ತೇನೆ ಎಂದು ಸಮಾಧಾನ ಹೇಳಿದರು. ಮಾಸ್ಟ್ರ ಮುಖ ಅರಳಿತು. ಕೈಗಳು ತಾವಾಗಿಯೇ ಜೋಡಿದವು. “ದೈವವೇ, ಅದೊಂದು ಮುಗಿಸಿಕೊಟ್ಟರೆ…” ಎಂದು ಶುರು ಮಾಡುವಷ್ಟರಲ್ಲಿ ವಾಗ್ದೇವಿ ಅವರ ಬಾಯಿಗೆ ಕೈ ಅಡ್ಡ ಹಿಡಿದರು.

ಮುಸ್ಸಂಜೆಯ ಹೊತ್ತಿಗೆ ದೈವಸ್ಥಾನದಲ್ಲಿ ಶೆಟ್ರೊಬ್ಬರೇ ಕೂತು ಬತ್ತಿ ಹೊಸೆಯುತ್ತಿದ್ದರು. ಮಣೆಯ ಮೇಲೆ ಎಲ್ಲವನ್ನೂ ಗುಡಿಸಿ ಒಪ್ಪಮಾಡಿಯಾಗಿತ್ತು, ಕೇಪಳದ ಹೂವಿನ ಹೊರತು. ಅದು ಹಾಗೆಯೇ ಉದ್ದಕ್ಕೆ ಎರಡು ಸಾಲಾಗಿ ಉಳಿದಿತ್ತು, ನಡುವೆ ಒಂದು ಬೋಗಿ ನಿಲ್ಲುವಷ್ಟು ಜಾಗ ಬಿಟ್ಟು.

ಮಾಸ್ಟ್ರು ಬೋಗಿಯನ್ನು ಆ ಜಾಗದಲ್ಲಿ ಇಳಿಸಿದರು. ಶೆಟ್ರು ಬತ್ತಿ ಹೊಸೆಯುವುದನ್ನು ಬಿಟ್ಟು ಎದ್ದರು. ಹಿಂದಿನ ದೀಪಕ್ಕೆ ಎಣ್ಣೆ ಹೊಯ್ದರು. ನೆಲದ ಮೇಲೆ ಕಿಟಕಿಗಳು ಮತ್ತೆ ಒಂದೊಂದಾಗಿ ಬೆಳಗಿದವು. ಹೊರಡಲು ಎದ್ದ ಮಾಸ್ಟ್ರು ಏನನ್ನೋ ನೆನೆದು ತಿರುಗಿ ಬಂದರು. ಹೆಗಲ ಮೇಲಿನ ಅಂಗಿಯ ಜೇಬಿನಿಂದ ಕಾಗದದ ಚೂರನ್ನು ತೆಗೆದು ಬಿಡಿಸಿ, ಸಾಸಿವೆಯಷ್ಟಿದ್ದ ಬಾಗಿಲಿನ ಹಿಡಿಯನ್ನು ಬೆರಳ ತುದಿಯಲ್ಲಿ ಎತ್ತಿ, ಒಂದು ಕೇಪಳದ ಎಸಳಿನ ಮೇಲೆ ಮೆಲ್ಲಗೆ ಇಟ್ಟರು.