ಬಾಯಿ ತೆಗೆಸುವ ಮಾವ

ನಮ್ಮ ಸೋದರಮಾವನ ಎದುರು ಬಾಯಿ ಮುಚ್ಚಿಕೊಂಡು ನಿಂತವರು ಈ ಸುತ್ತಿನ ಐದು ತಾಲ್ಲೂಕಿನಲ್ಲಿ ಯಾರೂ ಇಲ್ಲ! ಮಾತಿಗೆಳೆಯುವುದರಲ್ಲಿ ನಿಸ್ಸೀಮ ಎಂದುಕೊಂಡಿರಾ? ಅಲ್ಲ, ಅವನು ನಿಜವಾಗಿಯೂ ಬಾಯಿ ತೆಗೆಸುತ್ತಾನೆ. ಬೇರೆಯವರು "ಆರಾಮ ಅದೀಯಾ?" ಎಂದು ಕೇಳುವ ಜಾಗದಲ್ಲಿ ಇವನು "ಬಾಯಿ ತೆಗಿ, ನಾಲಿಗಿ ಚಾಚು, ಆ ಅನ್ನು" ಎನ್ನುತ್ತಾನೆ. ಜೇಬಿನಲ್ಲೊಂದು ಪುಟ್ಟ ಟಾರ್ಚ್ ಸದಾ ಇರುತ್ತದೆ.

ಅವನದು ಗುಡೇಕೋಟೆ, ಕುರಿ ಸಾಕುವ ಕಸುಬು. ಕುರಿ ಕೊಳ್ಳುವಾಗ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುವುದು ನಮ್ಮ ಕಡೆಯ ರೂಢಿ. ಆ ಕೈಗೆ ಮನುಷ್ಯರ ದವಡೆ ಯಾವ ಲೆಕ್ಕ! ಎರಡೂ ಕೆನ್ನೆಗೆ ಬೆರಳಿಟ್ಟು ಒತ್ತಿದನೆಂದರೆ ಎಂಥ ಹಟಮಾರಿಯ ಬಾಯಿಯೂ ತೆರೆದುಕೊಳ್ಳುತ್ತದೆ. ಅವನು ಬರುತ್ತಾನೆಂದರೆ ನನ್ನ ಹೆಂಡತಿ ಎರಡನೇ ಸಲ ಹಲ್ಲುಜ್ಜುತ್ತಾಳೆ.

ನನ್ನ ತಂಗಿಯನ್ನು ನೋಡಲು ತಂಬ್ರಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಪಾಪದ ವರ, "ಗಂಟಲು ನೋವೈತ್ರಿ, ಮಿರ್ಚಿ ಬ್ಯಾಡ" ಎಂದುಬಿಟ್ಟ. ಸರಿ, ಮಾವ ಎದ್ದೇ ಬಿಟ್ಟ! ಟಾರ್ಚ್ ವರನ ಬಾಯೊಳಗೆ ಹೊಕ್ಕಿದ್ದು ಕಂಡು ವರನ ದೊಡ್ಡಪ್ಪ ಕೆರಳಿದರು. "ಹುಡುಗಗ ಇಪ್ಪತ್ತೆಂಟು ವರ್ಷ ಅಂತ ಹೇಳೇವಲ್ರಿ! ಹಲ್ಲು ನೋಡೇ ನಂಬಬೇಕಾ?"

"ಹಲ್ಲು ಬರೋಬ್ಬರಿ ಅದಾವ್ರಿ. ಗಂಟಲು ಕೆಂಪಗೈತಿ. ಮೊದಲು ದವಾಖಾನಿ, ಆಮ್ಯಾಲೆ ಮದುವಿ" ಎಂದ ಮಾವ, ತಣ್ಣಗೆ.

ಮದುವೆಯೇನೋ ಆಯಿತು. ತಂಗಿಯ ಗಂಡ ಇವತ್ತಿಗೂ ಮಾವನನ್ನು ಕಂಡರೆ ನಮಸ್ಕಾರಕ್ಕೆ ಮೊದಲು ಬಾಯಿ ತೆರೆಯುತ್ತಾನೆ.

ಹೀಗೆ ನಗುತ್ತಲೇ ಇದ್ದೆವು, ಹೋದ ವರ್ಷ ನನ್ನ ಮಗಳಿಗೆ ಗಂಟಲು ಬಾತು ಜ್ವರ ಬರುವವರೆಗೆ. ಕೂಡ್ಲಿಗಿಯ ಡಾಕ್ಟರು ಪರೀಕ್ಷೆ ಮಾಡಿಸಿ, "ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾ. ಹತ್ತು ದಿನ ಮಾತ್ರೆ. ನಡುವೆ ಬಿಡಬೇಡಿ" ಎಂದರು. ಮೂರನೇ ದಿನಕ್ಕೆ ಜ್ವರ ಇಳಿಯಿತು. ನಾಲ್ಕನೇ ದಿನ ಬೆಳಿಗ್ಗೆ ಮಗಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಕುಣಿಯುವ ಮಗುವಿಗೆ ಮಾತ್ರೆ ಯಾಕೆ? ಮುಂದೆ ಯಾರಿಗಾದರೂ ಬೇಕಾದೀತೆಂದು ಉಳಿದದ್ದನ್ನು ನಾನೇ ಡಬ್ಬಿಗೆ ಹಾಕಿಟ್ಟೆ. ಉಳಿದ ಮಾತ್ರೆಗೊಂದು ಡಬ್ಬಿ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ ಹೇಳಿ!

ಅದೇ ದಿನ ಮಾವ ಬಂದ. ಮಗಳ ಬಾಯಿ ನೋಡಿ, "ಕೆಂಪು ಇಳದೈತಿ. ಮಾತ್ರಿ ಎಲ್ಲಿ?" ಎಂದ. ನಾನು ಹೆಮ್ಮೆಯಿಂದ ಡಬ್ಬಿ ತೋರಿಸಿದೆ. ಅವನ ಮುಖ ಕಪ್ಪಿಟ್ಟಿತು.

"ಲೇ, ಆ ಹುಳ ಕುರಿ ಸಾಲು ಹೋದಂಗ ಒಂದರ ಹಿಂದೊಂದು ಇರ್ತಾವಂತ. ಮೂರು ದಿನಕ್ಕ ಒಂದಿಷ್ಟು ಸತ್ತಾವು. ಪೊದ್ಯಾಗ ಅಡಗಿ ಕುಂತಾವಲ್ಲ, ಅವನ್ನ ಯಾರು ಕೇಳೋರು? ಹಚ್ಚು ಡಾಕ್ಟ್ರಿಗೆ ಫೋನು!"

ಡಾಕ್ಟರು ನನಗೆ ಚೆನ್ನಾಗಿಯೇ ಬೈದು, ಈಗಲೇ ಮತ್ತೆ ಶುರು ಮಾಡಿ ಪೂರ್ತಿ ಮುಗಿಸಿ ಎಂದರು. ಒಂದು ರಾತ್ರಿಯೂ ಕುರಿ ಬಿಟ್ಟಿರದ ಮಾವ, ಹಿಂಡನ್ನು ತನ್ನ ಮಗಳ ಗಂಡನಿಗೆ ಒಪ್ಪಿಸಿ ವಾರವಿಡೀ ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದ. ಪ್ರತಿ ಮಾತ್ರೆಗೂ ಎದುರು ಕೂತು, ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡುವನು.

"ತಾತ, ನಾನೇನು ಕುರಿಯಾ?" ಎಂದು ಮಗಳು ಸಿಡುಕಿದಳು.

"ಕುರಿ ಆಗಿದ್ರ ಇಷ್ಟೊತ್ತಿಗೆ ನುಂಗಿರ್ತಿತ್ತು!"

ಒಂದು ಮಧ್ಯಾಹ್ನ ನಾನು ಕೇಳಿಯೇ ಬಿಟ್ಟೆ. "ಯಾಕ ಮಾವ, ಇಷ್ಟು ಹೆದರಿಕಿ?"

ಅವನು ಟಾರ್ಚನ್ನು ಹೊತ್ತಿಸಿ ಆರಿಸುತ್ತ ಕೂತ. "ನಿಮ್ಮ ಚಿಕ್ಕಮ್ಮಗ ಇಕಿ ವಯಸ್ಸಿನ್ಯಾಗ ಹಿಂಗ ಆಗಿತ್ತು. ನಾಕು ದಿನಕ್ಕ ಆಡಾಕ ಹೋದ್ಲು. ಉಳಿದ ಮಾತ್ರಿ ಅರದು ನಾನೇ ಕೆಮ್ಮೋ ಟಗರಿಗೆ ಕುಡಿಸಿದೆ. ಟಗರು ಆರಾಮಾತು. ಮೂರು ವಾರಕ್ಕ ಅಕಿ ಕೀಲು ಕೀಲು ಬಾತ್ವು. ಗಂಟಲದ ಬ್ಯಾನಿ ಆಮ್ಯಾಲೆ ಎದಿಗೆ ಹತ್ತಿತು."

ಚಿಕ್ಕಮ್ಮ ಎಂದರೆ ಮಾವನ ತಂಗಿ; ಅವಳ ಹೃದಯದ ಕವಾಟ ಕೆಟ್ಟಿದ್ದು ನನಗೆ ಗೊತ್ತಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಮಾವ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಪೆನಿಸಿಲಿನ್ ಇಂಜೆಕ್ಷನ್ನಿಗೆ ಕೂಡ್ಲಿಗಿಗೆ ಬರುವುದೂ ಗೊತ್ತಿತ್ತು. ಟಗರಿನ ವಿಷಯ ಮಾತ್ರ ಗೊತ್ತಿರಲಿಲ್ಲ. ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಆ ಇಂಜೆಕ್ಷನ್ ಒಂದು ಸಲವೂ ತಪ್ಪಿಲ್ಲ. ಈ ವರ್ಷ ಚಿಕ್ಕಮ್ಮ ಅಲ್ಲಲ್ಲಿ ಕೂತು ಉಚ್ಚಂಗಿದುರ್ಗದ ಗುಡ್ಡದ ಮೆಟ್ಟಿಲನ್ನೂ ಹತ್ತಿ ಬಂದಳು.

ಮಗಳಿಗೆ ಕೊನೆಯ ಮಾತ್ರೆ ನುಂಗಿಸಿದ ದಿನ ಮಾವ ಚಿಕ್ಕಮ್ಮನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಮುಗೀತವ್ವ. ಎಲ್ಲಾ ಖಾಲಿ."

ಆ ಕಡೆಯಿಂದ ಚಿಕ್ಕಮ್ಮ ಕೇಳಿದಳು. "ಖರೇ ಹೇಳಣ್ಣ, ಈ ಸಲ ಟಗರಿಗೆ ಏನೂ ಉಳಿಸಿಲ್ಲಲ್ಲ?"

ಅವಳು ಕಿಲಕಿಲ ನಕ್ಕಳು. ಮಾವನೂ ಬಾಯಿ ತುಂಬ ನಕ್ಕ, ನಗುನಗುತ್ತಲೇ ಅತ್ತ. ಅವನನ್ನೇ ನೋಡುತ್ತ ನಿಂತಿದ್ದ ಮಗಳು ಮೆಲ್ಲಗೆ ಅವನ ಜೇಬಿನಿಂದ ಟಾರ್ಚ್ ತೆಗೆದು, ಅವನ ಕೆನ್ನೆ ಹಿಡಿದಳು.

"ತಾತ, ಆ ಅನ್ನು."